‘ಸೆವ್‌ಮೆಕ್’: ತುರ್ಕಿ ಭಾಷೆಯಲ್ಲಿ ಇಷ್ಟವನ್ನೂ ಪ್ರೀತಿಯನ್ನೂ ಹೇಳಲು ಕಲಿಯುವ ಬಗೆ

ನನ್ನ ಅಕ್ಕನ ಮಗಳು ಓದಿಗೆಂದು ಅಂಕಾರಾಕ್ಕೆ ಹೊರಡುವ ಮೊದಲು, ಮಲ್ಲೇಶ್ವರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ನಾವಿಬ್ಬರೂ ತುರ್ಕಿ ಭಾಷೆಯ ಮೊದಲ ಪಾಠಗಳನ್ನು ಒಟ್ಟಿಗೆ ಕಲಿತೆವು. ಮೂರನೆಯ ದಿನವೇ ಅವಳು ಒಂದು ಪ್ರಶ್ನೆ ಕೇಳಿದಳು: “ಚಿಕ್ಕಮ್ಮ, ‘ನನಗೆ ಕಾಫಿ ಇಷ್ಟ’ ಅನ್ನೋದರಲ್ಲಿ ‘ನನಗೆ’ಯನ್ನ ತುರ್ಕಿಯಲ್ಲಿ ಎಲ್ಲಿ ಇಡೋದು?” ಅದಕ್ಕೆ ಜಾಗವೇ ಇಲ್ಲ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ‘ನನಗೆ’ ಎಂಬುದಕ್ಕೆ ತುರ್ಕಿಯಲ್ಲಿ ‘ಬನಾ’ ಎಂಬ ಪದವಿದೆ. ಅದನ್ನು ಹುಡುಕಿ ತೆಗೆದು ‘ಬನಾ ಕಹ್ವೆ ಸೆವಿಯೊರ್’ ಎಂದು ಇಬ್ಬರೂ ಬರೆದೆವು. ಆ ವಾಕ್ಯಕ್ಕೆ ಅರ್ಥವೇ ಹುಟ್ಟುವುದಿಲ್ಲ. ಹಟ ಹಿಡಿದು ಅರ್ಥ ಮಾಡಿದರೆ, ಕಾಫಿಯೇ ನನ್ನ ಕಡೆಗೆ ಏನನ್ನೋ ಪ್ರೀತಿಸುತ್ತಿದೆ ಎಂದಾಗುತ್ತದೆ. ಕನ್ನಡಿಗರು ಈ ಒಂದು ಕ್ರಿಯಾಪದವನ್ನು ಕಲಿಯುವಾಗ ಎಡವುವುದು ಹೆಚ್ಚಾಗಿ ಈ ಒಂದೇ ಕಡೆ. ಉಳಿದ ಎಲ್ಲ ಕಡೆಯೂ ನಮ್ಮ ಭಾಷೆ ನಮಗೆ ಕೈಹಿಡಿದು ದಾರಿ ತೋರಿಸುತ್ತದೆ ಎಂಬುದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕ್ರಿಯಾಪದದ ಹೆಸರು ‘ಸೆವ್‌ಮೆಕ್’. ಇದರಲ್ಲಿ ‘ಸೆವ್’ ಎಂಬುದು ಧಾತು. ‘ಮೆಕ್’ ಎಂಬುದು ನಮ್ಮ ‘-ಉವುದು’ ಇದ್ದ ಹಾಗೆ, ಕ್ರಿಯೆಯನ್ನು ಹೆಸರಿಸಲು ಹಚ್ಚುವ ಪ್ರತ್ಯಯ. ಚಹಾ, ಮಳೆ, ಊರು, ನೆರೆಮನೆಯ ಮಗು, ಹೆತ್ತ ತಾಯಿ, ಮದುವೆಯಾಗಬೇಕೆಂದಿರುವ ವ್ಯಕ್ತಿ, ಇವೆಲ್ಲಕ್ಕೂ ತುರ್ಕಿಯವರು ಇದೊಂದೇ ಪದವನ್ನು ಬಳಸುತ್ತಾರೆ. ಕನ್ನಡದಲ್ಲಿ ‘ನಾನು ದೋಸೆಯನ್ನು ಪ್ರೀತಿಸುತ್ತೇನೆ’ ಎಂದರೆ ಕಿವಿಗೆ ಒರಟಾಗಿ ಕೇಳಿಸುತ್ತದೆ, ಏಕೆಂದರೆ ನಮ್ಮಲ್ಲಿ ‘ಪ್ರೀತಿಸು’ ತೂಕದ ಮಾತು, ‘ಇಷ್ಟ’ ದಿನಬಳಕೆಯ ಮಾತು. ‘ಸೆವ್‌ಮೆಕ್’ ಈ ಎರಡನ್ನೂ ಒಳಗೊಂಡಿದೆ. ತೂಕವನ್ನು ನಿರ್ಧರಿಸುವುದು ಅದರ ಹಿಂದೆ ಬರುವ ಕರ್ಮಪದ.

ಬರವಣಿಗೆಯ ಬಗ್ಗೆ ಒಂದು ಮಾತು. ತುರ್ಕಿ ಭಾಷೆಯನ್ನು 1928ರಿಂದ ಲ್ಯಾಟಿನ್ ಲಿಪಿಯಲ್ಲಿ ಬರೆಯಲಾಗುತ್ತಿದ್ದು, ಅದರ ವರ್ಣಮಾಲೆಯಲ್ಲಿ 29 ಅಕ್ಷರಗಳಿವೆ, ಸ್ವರಗಳು 8. ಅವುಗಳಲ್ಲಿ ಐದು ಕನ್ನಡದ ಹ್ರಸ್ವ ಅ, ಇ, ಉ, ಎ, ಒಗಳಿಗೆ ಹತ್ತಿರವಾಗಿವೆ. ಎ ಮತ್ತು ಒಗಳ ಹ್ರಸ್ವ ರೂಪ ನಮ್ಮ ಬಾಯಿಗೆ ಸಹಜವಾಗಿ ಬರುವುದು ದೊಡ್ಡ ಅನುಕೂಲ, ಆದ್ದರಿಂದ ‘ಸೆವ್’ ಅನ್ನು ‘ಸೇವ್’ ಎಂದು ಎಳೆಯಬಾರದು. ‘ವ’ ಕೂಡ ನಮ್ಮ ‘ವ’ದಷ್ಟೇ ಮೃದು. ಉಳಿದ ಮೂರು ಸ್ವರಗಳು ಕನ್ನಡದಲ್ಲಿ ಇಲ್ಲ. ಮೊದಲನೆಯದು ಚುಕ್ಕಿಯಿಲ್ಲದ ‘ಐ’ ಅಕ್ಷರ: ‘ಇ’ ಎನ್ನುವಾಗ ನಾಲಗೆಯನ್ನು ಹಿಂದಕ್ಕೆ ಎಳೆದುಕೊಂಡರೆ ಬರುವ ಧ್ವನಿ. ತುಳು ಬಲ್ಲವರಿಗೆ ಪದದ ಕೊನೆಯಲ್ಲಿ ಬರುವ ಅರ್ಧ ಉಕಾರವನ್ನು ನೆನಪಿಸುವಂಥದ್ದು. ಎರಡನೆಯದು ಎರಡು ಚುಕ್ಕಿಯ ‘ಯು’ ಅಕ್ಷರ, ಅಂದರೆ ತುಟಿಯನ್ನು ‘ಉ’ದಂತೆ ದುಂಡಗೆ ಮಾಡಿ ‘ಇ’ ಎನ್ನುವುದು. ಮೂರನೆಯದು ಎರಡು ಚುಕ್ಕಿಯ ‘ಓ’ ಅಕ್ಷರ, ಅಂದರೆ ತುಟಿ ‘ಒ’ದಲ್ಲಿಟ್ಟು ‘ಎ’ ಎನ್ನುವುದು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವುದರಿಂದ ಇವನ್ನು ಕ್ರಮವಾಗಿ ಇ, ಉ, ಒ ಎಂದೇ ಬರೆದು, ಅಗತ್ಯವಿರುವಲ್ಲಿ ಎಚ್ಚರಿಸುತ್ತೇನೆ.

ಮೊದಲು ‘ನನಗೆ’ಯನ್ನು ಬಿಡಬೇಕು

ಕನ್ನಡದಲ್ಲಿ ಇಷ್ಟ, ಬೇಸರ, ಹಸಿವು, ನೆನಪು ಎಲ್ಲವೂ ನಮ್ಮ ಬಳಿಗೆ ಬರುತ್ತವೆ: ನನಗೆ ಇಷ್ಟ, ನನಗೆ ಬೇಸರ, ನನಗೆ ಹಸಿವು. ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿ ಇರುತ್ತಾರೆ. ‘ಸೆವ್‌ಮೆಕ್’ ಹಾಗಲ್ಲ. ಇಷ್ಟಪಡುವವರು ಕರ್ತೃವಾಗಿ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುತ್ತಾರೆ, ಇಷ್ಟವಾದ ವಸ್ತು ಕರ್ಮವಾಗಿ ದ್ವಿತೀಯಾ ವಿಭಕ್ತಿಯನ್ನು ಪಡೆಯುತ್ತದೆ. ಇದನ್ನು ನಿಯಮವಾಗಿ ಬಾಯಿಪಾಠ ಮಾಡಿದರೆ ಮಾತನಾಡುವಾಗ ನೆನಪಿಗೆ ಬರುವುದಿಲ್ಲ. ನಮಗೆ ಕೆಲಸಕ್ಕೆ ಬಂದ ಉಪಾಯ ‘ಮೆಚ್ಚು’ ಎಂಬ ಕನ್ನಡ ಕ್ರಿಯಾಪದ. ‘ನನಗೆ ಮೆಚ್ಚು’ ಎಂದು ನಾವು ಹೇಳುವುದಿಲ್ಲ; ‘ನಾನು ಅವಳ ಹಾಡನ್ನು ಮೆಚ್ಚಿದೆ’ ಎನ್ನುತ್ತೇವೆ. ಕರ್ತೃ, ಕರ್ಮ, ಕ್ರಿಯೆ ಎಲ್ಲವೂ ‘ಸೆವ್‌ಮೆಕ್’ ಬೇಡುವ ಜಾಗದಲ್ಲೇ ಇವೆ. ಆದ್ದರಿಂದ ತುರ್ಕಿ ವಾಕ್ಯವನ್ನು ಕಟ್ಟುವ ಮುನ್ನ ಮನಸ್ಸಿನೊಳಗೆ ‘ನನಗೆ ಕಾಫಿ ಇಷ್ಟ’ ಎಂಬುದನ್ನು ‘ನಾನು ಕಾಫಿಯನ್ನು ಮೆಚ್ಚುತ್ತೇನೆ’ ಎಂದು ತಿರುಗಿಸಿಕೊಳ್ಳಬೇಕು. ಅಲ್ಲಿಂದ ಪದಕ್ಕೆ ಪದ ಇಟ್ಟರೆ ಸಾಕು: ‘ಬೆನ್ ಕಹ್ವೆಯಿ ಸೆವಿಯೊರುಮ್.’ ‘ಬೆನ್’ ಎಂದರೆ ನಾನು, ‘ಕಹ್ವೆ’ ಎಂದರೆ ಕಾಫಿ. ಕ್ರಿಯಾಪದದ ಕೊನೆಯೇ ‘ನಾನು’ ಎಂದು ಹೇಳುವುದರಿಂದ, ‘ಬರುತ್ತೇನೆ’ ಎನ್ನುವಾಗ ನಾವು ‘ನಾನು’ವನ್ನು ಬಿಡುವಂತೆ ಅವರೂ ‘ಬೆನ್’ ಅನ್ನು ಬಿಟ್ಟು ‘ಕಹ್ವೆಯಿ ಸೆವಿಯೊರುಮ್’ ಎನ್ನುತ್ತಾರೆ.

ಈ ‘ಕಹ್ವೆಯಿ’ ಎಂಬ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ತುರ್ಕಿಯ ದ್ವಿತೀಯಾ ಪ್ರತ್ಯಯ ಒಂದೇ ಒಂದು ಸ್ವರ, ಇಲ್ಲಿ ‘ಇ’. ‘ಕಹ್ವೆ’ ಸ್ವರದಲ್ಲಿ ಮುಗಿಯುವುದರಿಂದ ಎರಡು ಸ್ವರಗಳ ನಡುವೆ ಒಂದು ‘ಯ್’ ಬಂದು ಕೂರುತ್ತದೆ. ಕಾಫಿ ಮತ್ತು ಅನ್ನು ಸೇರಿ ‘ಕಾಫಿಯನ್ನು’ ಆಗುವಾಗ ನಡೆಯುವುದೂ ಇದೇ. ಶಾಲೆಯಲ್ಲಿ ಯಕಾರಾಗಮ ಸಂಧಿ ಎಂದು ಕಲಿತದ್ದು ಸಾವಿರಾರು ಮೈಲಿ ದೂರದ, ನಮ್ಮ ಭಾಷೆಗೆ ನಂಟಿಲ್ಲದ ಭಾಷೆಯೊಂದರಲ್ಲಿ ಹಾಗೆಯೇ ಎದುರಾದಾಗ ನನಗಾದ ಸಂತೋಷ ಇಂದಿಗೂ ಮಾಸಿಲ್ಲ. ‘ಕಾಫಿ’ ಎಂಬ ಪದವೇ ಅರಬ್ಬಿಯ ‘ಕಹ್ವಾ’ದಿಂದ ತುರ್ಕಿಯ ‘ಕಹ್ವೆ’ಯಾಗಿ, ಅಲ್ಲಿಂದ ಯುರೋಪಿನ ಭಾಷೆಗಳನ್ನು ಹಾದು ನಮ್ಮ ಅಡುಗೆಮನೆಗೆ ಬಂದದ್ದು. ಹೀಗಾಗಿ ಮೊದಲ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು.

ಪದದ ಕೊನೆಯ ಸ್ವರಕ್ಕೆ ತಕ್ಕಂತೆ ಪ್ರತ್ಯಯದ ಸ್ವರ ಬದಲಾಗುತ್ತದೆ. ಕೊನೆಯ ಸ್ವರ ಎ ಅಥವಾ ಇ ಆದರೆ ಪ್ರತ್ಯಯ ಇ; ಒ ಅಥವಾ ಉ ಆದರೆ ಉ; ಅ ಅಥವಾ ಚುಕ್ಕಿಯಿಲ್ಲದ ಐ ಆದರೆ ಆ ಚುಕ್ಕಿಯಿಲ್ಲದ ಧ್ವನಿಯೇ; ಎರಡು ಚುಕ್ಕಿಯ ಸ್ವರಗಳಾದರೆ ಎರಡು ಚುಕ್ಕಿಯ ಉ. ಮಳೆಗೆ ‘ಯಾಮುರ್’, ಮಳೆಯನ್ನು ‘ಯಾಮುರು’. ಹಾಲಿಗೆ ‘ಸುತ್’, ಹಾಲನ್ನು ‘ಸುತು’, ಎರಡು ಉಕಾರಗಳೂ ಚುಕ್ಕಿಯವು. ಚಹಾಕ್ಕೆ ‘ಚಾಯ್’, ಚಹಾವನ್ನು ‘ಚಾಯಿ’, ಕೊನೆಯದು ನಾಲಗೆ ಹಿಂದಕ್ಕೆಳೆದ ಇ.

ಇದನ್ನು ಬಾಯಿಗೆ ಹತ್ತಿಸಿಕೊಳ್ಳಲು ಪುಸ್ತಕದ ಅಭ್ಯಾಸಕ್ಕಿಂತ ದರ್ಶಿನಿಯ ತಿಂಡಿಯ ಫಲಕ ಮೇಲು. ಗಾಂಧಿ ಬಜಾರಿನ ಒಂದು ದರ್ಶಿನಿಯಲ್ಲಿ ನಿಂತು ಬೈಟು ಕಾಫಿ ಕುಡಿಯುತ್ತ ನಾವಿಬ್ಬರೂ ಗೋಡೆಯ ಮೇಲಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಿದ್ದೆವು: ಇಡ್ಲಿ, ‘ಇಡ್ಲಿಯಿ ಸೆವಿಯೊರುಮ್’. ವಡೆ, ‘ವಡೆಯಿ ಸೆವಿಯೊರುಮ್’. ದೋಸೆ, ‘ದೋಸೆಯಿ’. ಪೂರಿ ಸಾಗು ಬಂದಾಗ ಕೊನೆಯ ಸ್ವರ ಉ ಆದ್ದರಿಂದ ‘ಸಾಗುಯು’. ಕೇಸರಿಬಾತ್ ವ್ಯಂಜನದಲ್ಲಿ ಮುಗಿದು ಒಳಗೆ ಆಕಾರವಿರುವುದರಿಂದ ‘ಯ್’ ಬೇಡ, ‘ಕೇಸರಿಬಾತಿ’, ಆ ಇ ಚುಕ್ಕಿಯಿಲ್ಲದ್ದು. ಕನ್ನಡದ ಹೆಚ್ಚಿನ ಪದಗಳು ಎ, ಇ, ಉ ಸ್ವರಗಳಲ್ಲಿ ಮುಗಿಯುವುದರಿಂದ ಫಲಕದ ಹತ್ತಿಪ್ಪತ್ತು ಹೆಸರುಗಳಲ್ಲಿ ಈ ನಿಯಮದ ಮುಖ್ಯ ಭಾಗ ಪೂರ್ತಿ ಅಭ್ಯಾಸವಾಗುತ್ತದೆ. ಕಾಫಿ ಮುಗಿಯುವ ಹೊತ್ತಿಗೆ ಮೂರು ಸಲ ಪಟ್ಟಿ ಮುಗಿಯುತ್ತಿತ್ತು. ಊರಿನ ಹೆಸರನ್ನೂ ಹೀಗೆಯೇ ಹೇಳಬಹುದು: ‘ಬೆಂಗಳೂರುಯು ಸೆವಿಯೊರುಮ್’, ನಾನು ಬೆಂಗಳೂರನ್ನು ಪ್ರೀತಿಸುತ್ತೇನೆ.

ಪದದ ಕೊನೆಯಲ್ಲಿ ‘ಕ್’ ಇದ್ದರೆ ಅದು ಸಾಮಾನ್ಯವಾಗಿ ಮೆತ್ತಗಾಗುತ್ತದೆ. ನಾಯಿಗೆ ‘ಕೊಪೆಕ್’; ನಾಯಿಯನ್ನು ಎನ್ನುವಾಗ ‘ಕ್’ ಕರಗಿ ‘ಕೊಪೆಯಿ’ ಎಂದು ಕೇಳಿಸುತ್ತದೆ. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವಾಗ ನಮ್ಮಲ್ಲೂ ಕಕಾರ ಮೆತ್ತಗಾಗುತ್ತದೆ. ತುರ್ಕಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅದನ್ನು ಪೂರಾ ಕರಗಿಸಿದ್ದಾರೆ.

ಪ್ರತ್ಯಯವನ್ನು ಬಿಡುವುದೂ ಉಂಟು. ನಾವು ‘ಕಾಫಿ ಕುಡಿದೆ’ ಎಂದೂ ‘ಆ ಕಾಫಿಯನ್ನು ಕುಡಿದೆ’ ಎಂದೂ ಬೇರೆಬೇರೆಯಾಗಿ ಹೇಳುವಂತೆ ಅವರೂ ಹೇಳುತ್ತಾರೆ, ಮತ್ತು ಸಾಮಾನ್ಯ ಅಭಿರುಚಿಯನ್ನು ಹೇಳುವಾಗ ‘ಕಹ್ವೆ ಸೆವೆರಿಮ್’ ಎಂದು ಪ್ರತ್ಯಯವಿಲ್ಲದೆ ನುಡಿಯುವುದು ವಾಡಿಕೆಯಲ್ಲಿದೆ. ಆದರೆ ‘ಸೆವ್‌ಮೆಕ್’ ಜೊತೆ ಪ್ರತ್ಯಯವನ್ನು ಇಟ್ಟರೆ ಅದು ತಪ್ಪಾಗುವ ಸಂದರ್ಭ ಬಹಳ ಕಡಿಮೆ. ಹೊಸದಾಗಿ ಕಲಿಯುವವರು ಮೊದಲ ಕೆಲವು ತಿಂಗಳು ಯಾವಾಗಲೂ ಇಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಯಾವ ಕಾಲ, ಯಾವ ಭಾವ

ಬಾಯಿಗೆ ಮೊದಲು ಬರಬೇಕಾದದ್ದು ‘-ಇಯೊರ್’ ಸೇರಿದ ವರ್ತಮಾನ ರೂಪ. ನಾನು ‘ಸೆವಿಯೊರುಮ್’, ನೀನು ‘ಸೆವಿಯೊರ್‌ಸುನ್’, ಅವನು, ಅವಳು, ಅದು ಎಲ್ಲಕ್ಕೂ ‘ಸೆವಿಯೊರ್’, ನಾವು ‘ಸೆವಿಯೊರುಜ಼್’, ನೀವು ‘ಸೆವಿಯೊರ್‌ಸುನುಜ಼್’, ಅವರು ‘ಸೆವಿಯೊರ್‌ಲರ್’. ತುರ್ಕಿಯಲ್ಲಿ ಲಿಂಗಭೇದವಿಲ್ಲದ್ದರಿಂದ ‘ಪ್ರೀತಿಸುತ್ತಾನೆ, ಪ್ರೀತಿಸುತ್ತಾಳೆ, ಪ್ರೀತಿಸುತ್ತದೆ’ ಎಂಬ ಮೂರು ರೂಪಗಳ ಬದಲು ಒಂದೇ ಸಾಕಾಗುತ್ತದೆ. ಬಹುವಚನದ ‘ಸಿಜ಼್’ ಎಂಬುದು ನಮ್ಮ ‘ನೀವು’ ಇದ್ದಂತೆಯೇ ಗೌರವಕ್ಕೂ ಸಲ್ಲುತ್ತದೆ. ಹಿರಿಯರಿಗೆ, ಅಂಗಡಿಯವರಿಗೆ, ಮೊದಲ ಸಲ ಭೇಟಿಯಾದವರಿಗೆ ‘ಸೆವಿಯೊರ್‌ಸುನುಜ಼್’ ಎನ್ನಬೇಕೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ; ಯಾರಿಗೆ ‘ನೀವು’ ಎನ್ನುತ್ತೇವೆಯೋ ಅವರಿಗೆಲ್ಲ ಅದನ್ನೇ ಬಳಸಿದರಾಯಿತು.

ಎರಡನೆಯದು ‘ಸೆವೆರಿಮ್’ ಎಂಬ ರೂಪ: ಸೆವೆರಿಮ್, ಸೆವೆರ್‌ಸಿನ್, ಸೆವೆರ್, ಸೆವೆರಿಜ಼್, ಸೆವೆರ್‌ಸಿನಿಜ಼್, ಸೆವೆರ್‌ಲೆರ್. ಇದು ಸ್ವಭಾವವನ್ನು, ಅಭ್ಯಾಸವನ್ನು ಹೇಳುವ ಕಾಲ. ‘ಚಾಯಿ ಸೆವೆರಿಮ್’ ಎಂದರೆ ಚಹಾ ನನಗೆ ಒಗ್ಗುವ ಪಾನೀಯ, ನಾನು ಚಹಾ ಪ್ರಿಯೆ ಎಂಬ ಭಾವ. ವಸ್ತುಗಳ ವಿಷಯದಲ್ಲಿ ಎರಡು ರೂಪಗಳ ನಡುವೆ ಹೆಚ್ಚು ಅಂತರವಿಲ್ಲ. ಮನುಷ್ಯರ ವಿಷಯದಲ್ಲಿ ಇದೆ, ಅದನ್ನು ತಿಳಿದಿರಲೇಬೇಕು. ‘ಸೆನಿ ಸೆವಿಯೊರುಮ್’ ಎಂದರೆ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’. ಮಗು ತಾಯಿಗೆ, ಗೆಳತಿ ಗೆಳತಿಗೆ, ಗಂಡ ಹೆಂಡತಿಗೆ ಹೇಳುವ ಮಾತು. ‘ಸೆನಿ ಸೆವೆರಿಮ್’ ಎಂದರೆ ‘ನಿನ್ನ ಮೇಲೆ ನನಗೆ ವಿಶ್ವಾಸವಿದೆ’ ಎಂಬಷ್ಟು ತಣ್ಣಗಿನದು. ಮೊದಲನೆಯದನ್ನು ನಿರೀಕ್ಷಿಸುತ್ತಿರುವವರಿಗೆ ಎರಡನೆಯದನ್ನು ಹೇಳಿದರೆ ನೋವಾಗಬಹುದು.

ಭೂತಕಾಲದ ‘ಸೆವ್‌ದಿಮ್’ ನನಗೆ ಇವೆಲ್ಲಕ್ಕಿಂತ ಪ್ರಿಯವಾದ ರೂಪ. ಕನ್ನಡದಲ್ಲಿ ಹೊಸ ಸೀರೆಯನ್ನು ನೋಡಿದ ಕೂಡಲೇ ‘ಇಷ್ಟವಾಯಿತು’ ಎನ್ನುತ್ತೇವೆ. ಕ್ರಿಯೆ ಭೂತಕಾಲದಲ್ಲಿದ್ದರೂ ಇಷ್ಟ ಮುಗಿದಿಲ್ಲ, ಈಗಷ್ಟೇ ಹುಟ್ಟಿದೆ. ‘ಸೆವ್‌ದಿಮ್’ ಕೂಡ ಹೀಗೆಯೇ ನಡೆದುಕೊಳ್ಳುತ್ತದೆ. ‘ಬು ಶೆಹ್ರಿ ಚೊಕ್ ಸೆವ್‌ದಿಮ್’ ಎಂದರೆ ಈ ಊರು ನನಗೆ ತುಂಬಾ ಇಷ್ಟವಾಯಿತು. ‘ಶೆಹಿರ್’ ಎಂದರೆ ಊರು, ಪ್ರತ್ಯಯ ಸೇರಿದಾಗ ನಡುವಿನ ಇಕಾರ ಬಿದ್ದು ‘ಶೆಹ್ರಿ’ ಆಗುತ್ತದೆ; ‘ಚೊಕ್’ ಎಂದರೆ ತುಂಬಾ. ಉಳಿದ ರೂಪಗಳು ಸೆವ್‌ದಿನ್, ಸೆವ್‌ದಿ, ಸೆವ್‌ದಿಕ್, ಸೆವ್‌ದಿನಿಜ಼್, ಸೆವ್‌ದಿಲೆರ್. ಭವಿಷ್ಯತ್ತಿನಲ್ಲಿ ಒಂದು ರೂಪ ಕಲಿತರೆ ಸಾಕು: ಅತಿಥಿಗಳಿಗೆ ಹೇಳಲು ‘ಬೆಂಗಳೂರುಯು ಚೊಕ್ ಸೆವೆಜೆಕ್‌ಸಿನಿಜ಼್’, ಬೆಂಗಳೂರು ನಿಮಗೆ ಬಹಳ ಇಷ್ಟವಾಗುತ್ತದೆ.

ಇಲ್ಲವೆನ್ನುವುದು, ಕೇಳುವುದು

ನಿಷೇಧಕ್ಕೆ ಧಾತುವಿನ ಬೆನ್ನಿಗೇ ಒಂದು ‘ಮೆ’ ಅಥವಾ ‘ಮಿ’ ಬರುತ್ತದೆ: ‘ಸೆವ್‌ಮಿಯೊರುಮ್’. ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹೌದೆನ್ನುವ ‘ಸೆವಿಯೊರುಮ್’ನಲ್ಲಿ ಒತ್ತು ‘ವಿ’ ಮೇಲೆ. ಇಲ್ಲವೆನ್ನುವ ‘ಸೆವ್‌ಮಿಯೊರುಮ್’ನಲ್ಲಿ ಒತ್ತು ಹಿಂದಕ್ಕೆ ಸರಿದು ‘ಸೆವ್’ ಮೇಲೆ ಬೀಳುತ್ತದೆ. ವೇಗದ ಮಾತಿನಲ್ಲಿ ‘ಮಿ’ ಕಿವಿಗೆ ತಪ್ಪಿದರೂ ಒತ್ತಿನಿಂದಲೇ ಅರ್ಥ ತಿಳಿಯುತ್ತದೆ. ಸ್ವಭಾವ ಹೇಳುವ ರೂಪದಲ್ಲಿ ನಿಷೇಧ ಸ್ವಲ್ಪ ಬೇರೆ: ನಾನು ‘ಸೆವ್‌ಮೆಮ್’, ನೀನು ‘ಸೆವ್‌ಮೆಜ಼್‌ಸಿನ್’, ಅವನು ಅಥವಾ ಅವಳು ‘ಸೆವ್‌ಮೆಜ಼್’, ನಾವು ‘ಸೆವ್‌ಮೆಯಿಜ಼್’.

ಯಾರಾದರೂ ಪ್ರೀತಿಯಿಂದ ಬಡಿಸಿದ್ದನ್ನು ಬೇಡವೆನ್ನಬೇಕಾದಾಗ ಬರಿಯ ‘ಸೆವ್‌ಮೆಮ್’ ಒರಟು. ‘ಪೆಕ್ ಸೆವ್‌ಮೆಮ್’ ಎಂದರೆ ‘ಅಷ್ಟೊಂದು ಇಷ್ಟವಿಲ್ಲ’ ಎಂದು ನಯವಾಗುತ್ತದೆ. ‘ಹಿಚ್ ಸೆವ್‌ಮೆಮ್’ ಎಂದರೆ ‘ಚೂರೂ ಇಷ್ಟವಿಲ್ಲ’. ಅದನ್ನು ಮನೆಯವರ ಮುಂದೆ ಮಾತ್ರ ಇಟ್ಟುಕೊಳ್ಳುವುದು ವಾಸಿ.

ಪ್ರಶ್ನೆಗೆ ‘ಮಿ’ ಎಂಬ ಬಿಡಿ ಪದವಿದ್ದು, ಇದೂ ಮುಂಚಿನ ಸ್ವರಕ್ಕೆ ತಕ್ಕಂತೆ ‘ಮು’ ಆಗಬಹುದು: ‘ಕಹ್ವೆಯಿ ಸೆವಿಯೊರ್ ಮುಸುನುಜ಼್?’ ಕಾಫಿ ನಿಮಗೆ ಇಷ್ಟವೇ? ಇದರ ಸೊಗಸೆಂದರೆ ಅದು ನಮ್ಮ ಪ್ರಶ್ನಾರ್ಥಕ ‘ಆ’ದಂತೆ ವಾಕ್ಯದೊಳಗೆ ಓಡಾಡುತ್ತದೆ. ‘ಕಾಫಿಯನ್ನು ಇಷ್ಟಪಡ್ತೀಯಾ?’ ಎನ್ನುವುದಕ್ಕೂ ‘ಕಾಫಿಯನ್ನಾ ಇಷ್ಟಪಡೋದು?’ ಎನ್ನುವುದಕ್ಕೂ ನಮಗೆ ವ್ಯತ್ಯಾಸ ಗೊತ್ತು. ತುರ್ಕಿಯಲ್ಲೂ ಎರಡನೆಯದು ‘ಕಹ್ವೆಯಿ ಮಿ ಸೆವಿಯೊರ್‌ಸುನ್?’ ಎಂದಾಗುತ್ತದೆ, ‘ಮಿ’ ತಾನು ಪ್ರಶ್ನಿಸುವ ಪದದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇಂಗ್ಲಿಷಿನ ಮೂಲಕ ತುರ್ಕಿ ಕಲಿಯುವವರು ಇದಕ್ಕೆ ಪುಟಗಟ್ಟಲೆ ವಿವರಣೆ ಓದಬೇಕಾಗುತ್ತದೆ. ಕನ್ನಡದಿಂದ ಕಲಿತರೆ ಒಂದು ಉದಾಹರಣೆ ಸಾಕು.

ಮಾಡುವುದನ್ನು ಇಷ್ಟಪಡುವುದು

‘ನಡೆಯುವುದನ್ನು ಇಷ್ಟಪಡುತ್ತೇನೆ’ ಎನ್ನಲು ನಾವು ಧಾತುವಿಗೆ ‘-ಉವುದು’ ಹಚ್ಚಿ, ಅದರ ಮೇಲೆ ‘-ಅನ್ನು’ ಹಚ್ಚುತ್ತೇವೆ. ತುರ್ಕಿಯಲ್ಲೂ ಧಾತುವಿಗೆ ‘ಮೆ’ ಅಥವಾ ‘ಮ’ ಹಚ್ಚಿ, ನಡುವೆ ‘ಯ್’ ಇಟ್ಟು, ದ್ವಿತೀಯಾ ಪ್ರತ್ಯಯ ಹಚ್ಚುತ್ತಾರೆ. ‘ಯುರು’ ಎಂದರೆ ನಡೆ. ‘ಯುರುಮೆಯಿ ಸೆವಿಯೊರುಮ್’, ನಡೆಯುವುದನ್ನು ಇಷ್ಟಪಡುತ್ತೇನೆ. ‘ಕಬ್ಬನ್ ಪಾರ್ಕ್‌ತ ಯುರುಮೆಯಿ ಸೆವಿಯೊರುಮ್’ ಎಂದರೆ ಕಬ್ಬನ್ ಪಾರ್ಕಿನಲ್ಲಿ ನಡೆಯುವುದು. ‘ಒಕು’ ಎಂದರೆ ಓದು; ‘ಕಿತಾಪ್ ಒಕುಮಯಿ ಸೆವೆರಿಮ್’, ಪುಸ್ತಕ ಓದುವುದನ್ನು ಇಷ್ಟಪಡುತ್ತೇನೆ. ‘ಕಿತಾಪ್’ ನಮ್ಮಲ್ಲಿ ಕೇಳಿಬರುವ ‘ಕಿತಾಬು’ವೇ. ಈ ಒಂದು ಅಚ್ಚು ಕೈಗೆ ಬಂದರೆ ಹವ್ಯಾಸಗಳ ಬಗ್ಗೆ ಅರ್ಧ ಗಂಟೆ ಮಾತನಾಡಬಹುದು. ಬೇರೆಯವರು ಮಾಡುವುದು ನಮಗೆ ಇಷ್ಟವಾದರೆ ‘ಸೆನಿನ್ ಗುಲ್‌ಮೆನಿ ಸೆವಿಯೊರುಮ್’, ಅಂದರೆ ‘ನಿನ್ನ ನಗುವಿಕೆಯನ್ನು ಪ್ರೀತಿಸುತ್ತೇನೆ’. ನಾವು ‘ನೀನು ನಗುವುದನ್ನು’ ಎನ್ನುವಲ್ಲಿ ಅವರು ‘ನಿನ್ನ’ ಎಂದು ಷಷ್ಠಿಯನ್ನು ಬಳಸುತ್ತಾರೆ ಎಂಬುದಷ್ಟೇ ಬೇರೆ.

ಅತಿ ಇಷ್ಟವಾದದ್ದನ್ನು ಹೇಳಲು ‘ಎನ್ ಸೆವ್‌ದೀಮ್’ ಎಂಬ ಜೋಡಿಯನ್ನು ಹಾಗೆಯೇ ಕಲಿಯಬಹುದು. ‘ಎನ್ ಸೆವ್‌ದೀಮ್ ಯೆಮೆಕ್ ದೋಸೆ’, ನಾನು ಎಲ್ಲಕ್ಕಿಂತ ಹೆಚ್ಚು ಇಷ್ಟಪಡುವ ತಿನಿಸು ದೋಸೆ. ಹೋಲಿಸುವಾಗ ‘ಗಿಂತ’ದ ಜಾಗದಲ್ಲಿ ‘ದನ್’ ಅಥವಾ ‘ದೆನ್’ ಬರುತ್ತದೆ: ‘ಕಹ್ವೆಯಿ ಚಾಯ್‌ದನ್ ದಹ ಚೊಕ್ ಸೆವೆರಿಮ್’, ಕಾಫಿಯನ್ನು ಚಹಾಕ್ಕಿಂತ ಹೆಚ್ಚು ಇಷ್ಟಪಡುತ್ತೇನೆ. ‘ತೆರ್‌ಜಿಹ್ ಎತ್‌ಮೆಕ್’ ಎಂಬ ಬೇರೆ ಕ್ರಿಯಾಪದವೂ ಆಯ್ಕೆಯನ್ನು ಹೇಳುತ್ತದೆ, ಆದರೆ ಅದು ಸ್ವಲ್ಪ ಔಪಚಾರಿಕ.

ನೆರೆಹೊರೆಯ ಪದಗಳು

‘ಸೆವ್‌ಮೆಕ್’ ಒಂದರಿಂದಲೇ ಎಲ್ಲವನ್ನೂ ಹೇಳಲು ಹೋದರೆ ಮಾತು ಸಪ್ಪೆಯಾಗುತ್ತದೆ, ಕೆಲವೊಮ್ಮೆ ತಪ್ಪೂ ಆಗುತ್ತದೆ. ಒಂದು ಸಿನಿಮಾ ನೋಡಿ, ಒಂದು ಅಡುಗೆ ಸವಿದು, ‘ಚೆನ್ನಾಗಿದೆ’ ಎಂದು ಒಪ್ಪಿಕೊಳ್ಳುವುದಕ್ಕೆ ‘ಬೆಯೆನ್‌ಮೆಕ್’ ಇದೆ. ಅರ್ಥದಲ್ಲಿ ನಮ್ಮ ‘ಮೆಚ್ಚು’ವಿಗೆ ಅದೇ ಹತ್ತಿರ. ಬಡಿಸಿದವರು ‘ಬೆಯೆನ್‌ದಿನಿಜ಼್ ಮಿ?’ ಎಂದು ಕೇಳುತ್ತಾರೆ, ‘ಬೆಯೆನ್‌ದಿಮ್’ ಎಂದು ಉತ್ತರಿಸಬಹುದು. ಅದಕ್ಕಿಂತ ಚೆಂದದ ಉತ್ತರ ‘ಎಲ್ಲೆರಿನಿಜ಼ೆ ಸಾಲಿಕ್’, ಅಂದರೆ ‘ನಿಮ್ಮ ಕೈಗಳಿಗೆ ಆರೋಗ್ಯವಿರಲಿ’. ಅಡುಗೆ ಮಾಡಿದವರಿಗೆ ಈ ಮಾತು ಹೇಳದೆ ಊಟದಿಂದ ಏಳುವುದು ಅಲ್ಲಿ ಒಪ್ಪದ ನಡತೆ.

‘ಹೊಶ್’ ಎಂಬ ಪಾರಸಿ ಪದವೂ ನಮ್ಮ ‘ಖುಷಿ’ಯೂ ಒಂದೇ ಬೇರಿನವು. ಅದರಿಂದ ‘ಹೊಶುಮ ಗಿತ್ತಿ’ ಎಂಬ ನುಡಿಗಟ್ಟು ಹುಟ್ಟಿದೆ. ‘ನನ್ನ ಖುಷಿಗೆ ಹೋಯಿತು’ ಎಂದು ಬಿಡಿಸಬಹುದು, ‘ಮನಸ್ಸಿಗೆ ಬಂತು’ ಎಂಬ ನಮ್ಮ ಮಾತಿಗೆ ಒಡಹುಟ್ಟಿದಂತಿದೆ. ಇಲ್ಲಿ ವಸ್ತುವೇ ಕರ್ತೃ, ನಾವು ಚತುರ್ಥಿಯಲ್ಲಿ. ‘ನನಗೆ’ಯನ್ನು ಬಿಟ್ಟದ್ದಕ್ಕೆ ಕೊರಗುವ ಕನ್ನಡಿಗರಿಗೆ ಈ ನುಡಿಗಟ್ಟು ನೆಮ್ಮದಿ ಕೊಡುತ್ತದೆ. ಅದೇ ಬೇರಿನ ‘ಹೊಶ್‌ಲನ್‌ಮಕ್’ ಮಾತ್ರ ‘ದೆನ್’ ಪ್ರತ್ಯಯವನ್ನು ಬೇಡುತ್ತದೆ. ವಸ್ತುಗಳ ಬಗ್ಗೆ ಅದನ್ನು ಧಾರಾಳವಾಗಿ ಬಳಸಬಹುದು. ವ್ಯಕ್ತಿಯೊಬ್ಬರಿಗೆ ‘ಸೆನ್‌ದೆನ್ ಹೊಶ್‌ಲನಿಯೊರುಮ್’ ಎಂದರೆ ‘ನಿನ್ನ ಮೇಲೆ ಮನಸ್ಸಾಗಿದೆ’ ಎಂಬ ಅರ್ಥ ಬರುವುದರಿಂದ ಸಹೋದ್ಯೋಗಿಗಳ ಮುಂದೆ ಎಚ್ಚರವಿರಬೇಕು. ‘ದೋಸೆಗೆ ಪ್ರಾಣ ಬಿಡುತ್ತೇನೆ’ ಎಂಬಷ್ಟು ಇಷ್ಟವಿದ್ದರೆ ‘ಬಯಿಲ್‌ಮಕ್’, ಅಕ್ಷರಶಃ ಮೂರ್ಛೆ ಹೋಗುವುದು: ‘ದೋಸೆಯೆ ಬಯಿಲಿರಿಮ್’. ನಾವು ‘ದೋಸೆಗೆ’ ಎನ್ನುವಂತೆ ಅಲ್ಲೂ ಚತುರ್ಥಿಯೇ.

‘ಸೆವ್’ ಧಾತುವಿನಿಂದ ಹುಟ್ಟಿದ ಮೂರು ಪದಗಳನ್ನು ಗಲಿಬಿಲಿ ಮಾಡಿಕೊಳ್ಳಬಾರದು. ‘ಸೆವ್‌ದಿಮ್’ ಇಷ್ಟವಾಯಿತು; ‘ಸೆವಿನ್‌ದಿಮ್’ ಸಂತೋಷವಾಯಿತು, ಯಾರದೋ ಒಳ್ಳೆಯ ಸುದ್ದಿ ಕೇಳಿದಾಗ ಹೇಳುವುದು. ಮೂರನೆಯದು ಪರಸ್ಪರ ಕ್ರಿಯೆಯನ್ನು ಸೂಚಿಸುವ ‘ಇಶ್’ ಸೇರಿದ ‘ಸೆವಿಶ್‌ಮೆಕ್’. ‘ಕೊನುಶ್‌ಮಕ್’ ಎಂದರೆ ಮಾತನಾಡುವುದು, ‘ಗೊರುಶ್‌ಮೆಕ್’ ಎಂದರೆ ಭೇಟಿಯಾಗುವುದು, ಹಾಗಾದರೆ ‘ಸೆವಿಶ್‌ಮೆಕ್’ ಎಂದರೆ ಒಬ್ಬರನ್ನೊಬ್ಬರು ಪ್ರೀತಿಸುವುದಿರಬೇಕು ಎಂದು ವ್ಯಾಕರಣ ಬಲ್ಲ ವಿದ್ಯಾರ್ಥಿ ಸಹಜವಾಗಿ ಊಹಿಸುತ್ತಾನೆ. ಇಂದಿನ ಬಳಕೆಯಲ್ಲಿ ಅದರ ಅರ್ಥ ದೈಹಿಕ ಸಮಾಗಮ. ಅಜ್ಜ ಅಜ್ಜಿಯರು ಪರಸ್ಪರ ಪ್ರೀತಿಸುತ್ತಾರೆ ಎನ್ನಲು ‘ಬಿರ್‌ಬಿರ್‌ಲೆರಿನಿ ಸೆವಿಯೊರ್‌ಲರ್’ ಎನ್ನಬೇಕು.

ಇನ್ನೊಂದು ಅರ್ಥವನ್ನು ಪಠ್ಯಪುಸ್ತಕಗಳು ತಡವಾಗಿ ಹೇಳುತ್ತವೆ. ‘ಸೆವ್‌ಮೆಕ್’ ಎಂದರೆ ಸವರಿ ಮುದ್ದಿಸುವುದೂ ಹೌದು. ಬೀದಿಯಲ್ಲಿ ಬೆಕ್ಕೊಂದನ್ನು ಕಂಡವರು ‘ಕೆದಿಯಿ ಸೆವೆಬಿಲಿರ್ ಮಿಯಿಮ್?’ ಎಂದು ಕೇಳಿದರೆ, ಬೆಕ್ಕನ್ನು ಮುದ್ದಿಸಬಹುದೇ ಎಂದು ಅನುಮತಿ ಕೇಳುತ್ತಿದ್ದಾರೆ. ‘ಬಿರ್ ಕೊಪೆಕ್ ಸೆವ್‌ದಿಮ್’ ಎಂದರೆ 'ಒಂದು ನಾಯಿಯನ್ನು ಮುದ್ದಿಸಿದೆ'. ನಮ್ಮ ‘ಮುದ್ದು’ ಪದವೂ ಭಾವವನ್ನೂ ಕೈಯ ಸ್ಪರ್ಶವನ್ನೂ ಒಟ್ಟಿಗೆ ಹೊತ್ತಿರುವುದರಿಂದ ಇದು ನಮಗೆ ಅಪರಿಚಿತವಲ್ಲ. ಯಾರಾದರೂ ಸಹಾಯ ಕೇಳಿದಾಗ ‘ಸೆವೆ ಸೆವೆ’ ಎಂದು ದ್ವಿರುಕ್ತಿಯಲ್ಲಿ ಹೇಳಿದರೆ ‘ಖುಷಿಯಿಂದ ಮಾಡುತ್ತೇನೆ’ ಎಂದಾಗುತ್ತದೆ. ‘ನಗುನಗುತ್ತಾ’ ಎನ್ನುವ ನಮ್ಮ ಕಿವಿಗೆ ಅದೂ ಹತ್ತಿರದ್ದೇ.

ಒಂದು ಗಾದೆಯನ್ನು ಬಿಡಿಸಿ ನೋಡಿದರೆ ಇಷ್ಟೆಲ್ಲವೂ ಒಂದೆಡೆ ಸಿಗುತ್ತದೆ: ‘ಗುಲು ಸೆವೆನ್ ದಿಕೆನಿನೆ ಕತ್‌ಲನಿರ್.’ ‘ಗುಲ್’ ಗುಲಾಬಿ, ‘ಗುಲು’ ಗುಲಾಬಿಯನ್ನು, ಎರಡೂ ಉಕಾರಗಳು ಚುಕ್ಕಿಯವು, ‘ಸೆವೆನ್’ ಪ್ರೀತಿಸುವವನು ಅಥವಾ ಪ್ರೀತಿಸುವವಳು, ‘ದಿಕೆನಿನೆ’ ಅದರ ಮುಳ್ಳಿಗೆ, ‘ಕತ್‌ಲನಿರ್’ ಸಹಿಸಿಕೊಳ್ಳುತ್ತಾರೆ. ಗುಲಾಬಿಯನ್ನು ಒಲಿದವರು ಅದರ ಮುಳ್ಳನ್ನೂ ತಾಳಿಕೊಳ್ಳುತ್ತಾರೆ. ಪದಗಳ ಕ್ರಮ ಕನ್ನಡದ್ದೇ, ಒಂದನ್ನೂ ಅತ್ತಿತ್ತ ಸರಿಸಬೇಕಾಗಿಲ್ಲ.

ದಿನದ ಅಭ್ಯಾಸಕ್ಕೆ ನಾವು ಇಟ್ಟುಕೊಂಡಿದ್ದ ಕ್ರಮ ಬಹಳ ಸರಳ. ಮೆಟ್ರೋದಲ್ಲಿ ಕುಳಿತಾಗ ಕಂಡ ಐದು ವಸ್ತುಗಳಿಗೆ ಪ್ರತ್ಯಯ ಹಚ್ಚಿ ‘ಸೆವಿಯೊರುಮ್’ ಅಥವಾ ‘ಸೆವ್‌ಮಿಯೊರುಮ್’ ಎಂದು ಮೆಲ್ಲಗೆ ಬಾಯಿಬಿಟ್ಟು ಹೇಳುವುದು, ರಾತ್ರಿ ನೋಟುಪುಸ್ತಕದಲ್ಲಿ ಆ ದಿನ ಇಷ್ಟವಾದದ್ದರ ಬಗ್ಗೆ ಮೂರು ವಾಕ್ಯ ಬರೆಯುವುದು, ಮತ್ತು ‘ಬನಾ’ ನುಸುಳಿದೆಯೇ ಎಂದು ಕೆಂಪು ಪೆನ್ನಿನಿಂದ ಹುಡುಕುವುದು. ಮೊದಲ ವಾರದ ಪುಟಗಳಲ್ಲಿ ಕೆಂಪು ಗೆರೆ ತುಂಬಿತ್ತು. ಮೂರನೆಯ ವಾರದ ಹೊತ್ತಿಗೆ ಅಪರೂಪವಾಯಿತು.

ಅವಳು ಅಲ್ಲಿಗೆ ಹೋಗಿ ತಿಂಗಳಾದ ಮೇಲೆ ಒಂದು ಸಂಜೆ ಫೋನಿಗೆ ಒಂದೇ ಸಾಲು ಬಂತು: ‘ಅಂಕಾರಾಯಿ ಸೆವ್‌ದಿಮ್ ಅಮ ಬೆಂಗಳೂರುಯು ಒಜ಼್‌ಲೆದಿಮ್, ಚಿಕ್ಕಮ್ಮ.’ ‘ಅಮ’ ಎಂದರೆ ಆದರೆ. ‘ಒಜ಼್‌ಲೆಮೆಕ್’ ಎಂದರೆ ದೂರವಿರುವುದನ್ನು ನೆನೆದು ಹಂಬಲಿಸುವುದು, ಅದೂ ‘ಸೆವ್‌ಮೆಕ್’ನಂತೆ ದ್ವಿತೀಯೆಯನ್ನೇ ಬೇಡುತ್ತದೆ. ಕನ್ನಡದಲ್ಲಾದರೆ ಅವಳು ‘ನನಗೆ ಅಂಕಾರಾ ಇಷ್ಟವಾಯಿತು, ಆದರೆ ನನಗೆ ಬೆಂಗಳೂರು ನೆನಪಾಗುತ್ತಿದೆ’ ಎಂದು ಬರೆಯುತ್ತಿದ್ದಳು. ಸಾಲಿನಲ್ಲಿ ‘ಬನಾ’ ಎಲ್ಲಿಯೂ ಇರಲಿಲ್ಲ. ಅಂಕಾರಾಕ್ಕೆ ಚುಕ್ಕಿಯಿಲ್ಲದ ಇ, ಬೆಂಗಳೂರಿಗೆ ಉ, ಎರಡರ ಮುಂದೆಯೂ ‘ಯ್’ ಸರಿಯಾದ ಜಾಗದಲ್ಲಿ ಕುಳಿತಿತ್ತು.